ಹೆನ್ನಿಕರ್ ಕಾಡಿನಲ್ಲಿ ಹುಟ್ಟಿದ ಬಣ್ಣದ ಆಟ

ಅಮೆರಿಕದ ಈಶಾನ್ಯ ಮೂಲೆಯಲ್ಲಿ ನ್ಯೂ ಹ್ಯಾಂಪ್‌ಶೈರ್ ಎಂಬ ಪುಟ್ಟ ರಾಜ್ಯವಿದೆ. ಬಾಸ್ಟನ್ ನಗರದಿಂದ ಉತ್ತರಕ್ಕೆ ಹೊರಟು, ಆ ರಾಜ್ಯದ ರಾಜಧಾನಿ ಕಾಂಕಾರ್ಡ್ ಬಳಿ ಪಶ್ಚಿಮಕ್ಕೆ ತಿರುಗಿದರೆ ಒಟ್ಟು ಒಂದೂವರೆ ಗಂಟೆಯ ಕಾರು ಪ್ರಯಾಣದಲ್ಲಿ ಹೆನ್ನಿಕರ್ ಎಂಬ ಊರು ಸಿಗುತ್ತದೆ. 2020ರ ಜನಗಣತಿಯಂತೆ ಅಲ್ಲಿರುವುದು 6 ಸಾವಿರ ಚಿಲ್ಲರೆ ಜನ. 1768ರಲ್ಲಿ ಲಂಡನ್ನಿನ ಜಾನ್ ಹೆನ್ನಿಕರ್ ಎಂಬ ವ್ಯಾಪಾರಿಯ ಹೆಸರನ್ನು ಊರಿಗೆ ಇಟ್ಟರಂತೆ. ಆ ಹೆಸರಿನ ಊರು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲವೆಂದು ಅಲ್ಲಿಯವರಿಗೆ ದೊಡ್ಡ ಹೆಮ್ಮೆ. 'ಭೂಮಿಯ ಮೇಲಿನ ಏಕೈಕ ಹೆನ್ನಿಕರ್' ಎಂಬುದೇ ಊರಿನ ಘೋಷವಾಕ್ಯ.

ಊರಿನ ನಡುವೆ ಕಾಂಟೂಕುಕ್ ನದಿ ಹರಿಯುತ್ತದೆ. ಕಾಲೇಜಿನ ಹತ್ತಿರ ನದಿಗೆ ಮರದ ಮಾಡು ಹೊದೆಸಿದ ಸೇತುವೆಯಿದೆ. ನೋಡಲು ಬಹಳ ಹಳೆಯದರಂತೆ ಕಂಡರೂ 1972ರಲ್ಲಿ ಕಟ್ಟಿದ್ದು. ಊರು ಬಿಟ್ಟು ಸ್ವಲ್ಪ ದೂರ ಹೋದರೆ ಕಾಡು. ಪೈನ್, ಮೇಪಲ್, ಬಿಳಿ ತೊಗಟೆಯ ಬರ್ಚ್ ಮರಗಳು. ಕಾಡಿನ ನಡುವೆ ಅಲ್ಲಲ್ಲಿ ಕಾಡುಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿದ ಮೊಣಕಾಲೆತ್ತರದ ಪಾಗಾರಗಳು ಕಾಣುತ್ತವೆ. ಕಾಡಿಗೆ ಪಾಗಾರ ಯಾಕೆ ಎಂದು ಕೇಳಿದೆ. ಇನ್ನೂರು ವರ್ಷಗಳ ಹಿಂದೆ ಇದೆಲ್ಲ ಹೊಲ, ಹುಲ್ಲುಗಾವಲು ಆಗಿತ್ತಂತೆ. ಪಶ್ಚಿಮದಲ್ಲಿ ಒಳ್ಳೆಯ ಮಣ್ಣು ಸಿಕ್ಕಿತೆಂದು, ಗಿರಣಿಗಳಲ್ಲಿ ಕೆಲಸ ಸಿಕ್ಕಿತೆಂದು ರೈತರು ಗುಳೆ ಹೋದರು. ಹೊಲಗಳನ್ನು ಕಾಡು ನುಂಗಿತು, ಪಾಗಾರ ಮಾತ್ರ ಉಳಿಯಿತು. ಜನ ಪರದೇಶಕ್ಕೆ ಹೋಗಿ ಗುಡ್ಡೆಯ ಜಾಗ ಪೊದೆ ಬೆಳೆದದ್ದನ್ನು ಕಂಡ ನಮ್ಮ ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪೇಂಟ್‌ಬಾಲ್ ಎಂಬ ಆಟ ಹುಟ್ಟಿದ್ದು ಈ ಕಾಡಿನಲ್ಲಿ, 1981ರ ಜೂನ್ 27ರಂದು. ಚಾರ್ಲ್ಸ್ ಗೇನ್ಸ್ ಎಂಬ ಲೇಖಕ, ಹೇಸ್ ನೋಯೆಲ್ ಎಂಬ ಷೇರು ವ್ಯಾಪಾರಿ, ಬಾಬ್ ಗರ್ನ್‌ಸಿ ಎಂಬ ಅಂಗಡಿಕಾರ, ಈ ಮೂವರು ಗೆಳೆಯರಲ್ಲಿ ಒಂದು ಚರ್ಚೆ. ಕಾಡಿನಲ್ಲಿ ಬಿಟ್ಟರೆ ಪೇಟೆಯವನು ಬದುಕಿ ಬರುತ್ತಾನೋ, ಹಳ್ಳಿಯವನೋ? ಬಾಯಿಮಾತಿನಲ್ಲಿ ತೀರ್ಮಾನವಾಗಲಿಲ್ಲ. ಆಗ ಕೃಷಿ ಸಾಮಗ್ರಿಗಳ ಕ್ಯಾಟಲಾಗಿನಲ್ಲಿದ್ದ ಒಂದು ಸಾಧನ ಅವರ ಕಣ್ಣಿಗೆ ಬಿತ್ತು. ಅರಣ್ಯ ಇಲಾಖೆಯವರು ಕಡಿಯಬೇಕಾದ ಮರಗಳಿಗೆ, ದನ ಸಾಕುವವರು ತಮ್ಮ ದನಗಳಿಗೆ ದೂರದಿಂದಲೇ ಬಣ್ಣದ ಗುರುತು ಹಾಕುವ ಪಿಸ್ತೂಲಿನಾಕಾರದ ಉಪಕರಣ. ನೆಲ್ಸನ್ ಪೇಂಟ್ ಕಂಪೆನಿಯದು, ಹೆಸರು ನೆಲ್‌ಸ್ಪಾಟ್ 007. ಹನ್ನೆರಡು ಮಂದಿ ಅದನ್ನು ಹಿಡಿದು ಕಾಡಿಗೆ ಇಳಿದರು. ನಾಲ್ಕು ಕಡೆ ನಾಲ್ಕು ಬಣ್ಣದ ಬಾವುಟಗಳು. ಮೈಗೆ ಬಣ್ಣ ತಾಗಿಸಿಕೊಳ್ಳದೆ ಪ್ರತಿ ಬಣ್ಣದ ಒಂದೊಂದು ಬಾವುಟ ತಂದವನು ಗೆದ್ದಂತೆ.

ಗೆದ್ದವನು ರಿಚಿ ವೈಟ್, ಕಾಡಿನ ಕೆಲಸದವನು. ಅವನು ಒಂದೇ ಒಂದು ಬಣ್ಣದುಂಡೆಯನ್ನೂ ಹಾರಿಸಲಿಲ್ಲ! ಯಾರ ಕಣ್ಣಿಗೂ ಬೀಳದೆ ಮರದಿಂದ ಮರಕ್ಕೆ ಸರಿದು, ಬಾವುಟಗಳನ್ನು ಕಿತ್ತುಕೊಂಡು ಹೊರಗೆ ಬಂದ. ಆಟಗಾರರಲ್ಲಿ ಒಬ್ಬರು ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆಯವರು. ಅವರ ಬರಹ ಅಚ್ಚಾದ ಮೇಲೆ ಎಲ್ಲೆಡೆಯಿಂದ ವಿಚಾರಣೆಗಳು ಬಂದವು, ಆಟ ಹಬ್ಬಿತು.

ನಾನು ಆ ಕಡೆಗೆ ಹೋದದ್ದು 2023ರ ಜೂನ್ ತಿಂಗಳಲ್ಲಿ. ತಂಗಿಯ ಮಗ ಕಾಂಕಾರ್ಡ್‌ನಲ್ಲಿ ಕೆಲಸದಲ್ಲಿದ್ದಾನೆ. ಮನೆಯಲ್ಲಿ ಅವನು, ಹೆಂಡತಿ, ಹದಿಮೂರು ವರ್ಷದ ಒಬ್ಬ ಮಗ. ಹುಡುಗ ಶಾಲೆಯಿಂದ ಬಂದರೆ ಕಂಪ್ಯೂಟರ್ ಮುಂದೆ, ಊಟವಾದರೂ ಅಲ್ಲೇ. ಕ್ರಿಕೆಟ್ ಅಲ್ಲಿಲ್ಲ, ಬೇಸ್‌ಬಾಲ್ ತಂಡಕ್ಕೆ ಅವನು ಆಯ್ಕೆಯಾಗಲಿಲ್ಲ. ಹೀಗಿರುವಾಗ ಸಹಪಾಠಿಯೊಬ್ಬ ಪೇಂಟ್‌ಬಾಲಿಗೆ ಕರೆದನಂತೆ. ತಾಯಿ ಖಡಾಖಂಡಿತವಾಗಿ ಬೇಡ ಎಂದಳು.

"ಮಾವ, ನೀವೇ ಹೇಳಿ. ಈ ದೇಶದಲ್ಲಿ ನನ್ನ ಮಗನ ಕೈಗೆ ಬಂದೂಕಿನ ಹಾಗಿನ ವಸ್ತು ಕೊಡಬೇಕಾ?" ಎಂದು ಕೇಳಿದಳು.

ಅವಳ ಮಾತು ಹಗುರವಾದದ್ದಲ್ಲ. ಬಂದೂಕು ಹಿಡಿದವನು ಶಾಲೆಗೆ ನುಗ್ಗಿದರೆ ಬಾಗಿಲು ಹಾಕಿ, ದೀಪ ಆರಿಸಿ, ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂರುವುದನ್ನು ಅಲ್ಲಿ ಮಕ್ಕಳಿಗೆ ತಾಲೀಮು ಮಾಡಿಸುತ್ತಾರೆ. 2012ರ ಡಿಸೆಂಬರಿನಲ್ಲಿ ಅಲ್ಲಿಗೆ ದೂರವಲ್ಲದ ಕನೆಕ್ಟಿಕಟ್ ರಾಜ್ಯದ ಸ್ಯಾಂಡಿ ಹುಕ್ ಶಾಲೆಯಲ್ಲಿ ಇಪ್ಪತ್ತು ಪುಟ್ಟ ಮಕ್ಕಳು, ಆರು ಮಂದಿ ಸಿಬ್ಬಂದಿ ಗುಂಡಿಗೆ ಬಲಿಯಾದರು. ಅದು 'ಆಟಿಕೆ ತಾನೆ' ಎಂದರೆ ಅಂಥ ತಾಯಿಯ ಬಾಯಿ ಮುಚ್ಚುವುದಿಲ್ಲ, ಮುಚ್ಚಲೂ ಬಾರದು. ಮೂವತ್ತು ವರ್ಷ ಡ್ರಿಲ್ ಮಾಸ್ಟರಾಗಿದ್ದವನು ನಾನು. ಆಟವನ್ನು ಕಣ್ಣಾರೆ ನೋಡದೆ ಮಾತಾಡುವುದು ಬೇಡ, ಒಮ್ಮೆ ಎಲ್ಲರೂ ಹೋಗಿ ನೋಡಿ ಬರೋಣ ಎಂದೆ. ಶನಿವಾರ ಹೊರಟೆವು.

ಮೈದಾನವೆಂದರೆ ಅದೂ ಕಾಡೇ. ಸುತ್ತ ಬಲೆ ಕಟ್ಟಿದ್ದಾರೆ, ಬಲೆಯ ಈಚೆ ನೋಡುವವರಿಗೆ ಬೆಂಚುಗಳು. ಮೊದಲು ಕಾಗದಕ್ಕೆ ಸಹಿ. ಮಕ್ಕಳಿದ್ದರೆ ತಂದೆತಾಯಿಯ ಸಹಿ ಬೇಕೇ ಬೇಕು. ಆಮೇಲೆ ಅರ್ಧ ಗಂಟೆ ಪಾಠ. ಪಾಠ ಹೇಳಿದ ಹೆಂಗಸು ಆ ಉಪಕರಣವನ್ನು ಒಮ್ಮೆಯೂ ಗನ್ ಎನ್ನಲಿಲ್ಲ, 'ಮಾರ್ಕರ್' ಎಂದೇ ಹೇಳಿದಳು. ಗುರುತು ಹಾಕುವಂಥದ್ದು ಎಂದರ್ಥ, ಅದರ ಮೂಲ ಕೆಲಸವೂ ಅದೇ ತಾನೆ. ಆಟದ ಗಡಿಯ ಹೊರಗೆ ಅದರ ನಳಿಗೆಗೆ ಬಟ್ಟೆಯ ಚೀಲ ತೊಡಿಸಿರಬೇಕು. ಮಾರ್ಕರನ್ನು ಪೇಟೆಯಲ್ಲಿ, ಬೀದಿಯಲ್ಲಿ ತೋರಿಸಿಕೊಂಡು ತಿರುಗಬಾರದು. ಇನ್ನು ಮುಖವಾಡ. ಕಣ್ಣು, ಕಿವಿ, ಬಾಯಿ ಮುಚ್ಚುವ ಆ ಮುಖವಾಡವನ್ನು ಗಡಿಯೊಳಗೆ ಯಾವ ಕಾರಣಕ್ಕೂ ತೆಗೆಯಕೂಡದು. ಬೆವರಿತು, ಮಂಜು ಹಿಡಿಯಿತು, ಏನೂ ಕಾಣುವುದಿಲ್ಲ ಎಂದರೂ ಕೈ ಎತ್ತಿ ರೆಫ್ರಿಯನ್ನು ಕರೆಯಬೇಕೇ ಹೊರತು ತೆಗೆಯುವಂತಿಲ್ಲ. ಉಂಡೆ ಕಣ್ಣಿಗೆ ನೇರ ಬಡಿದರೆ ದೃಷ್ಟಿಯೇ ಹೋದೀತು. ಉಳಿದ ನಿಯಮಗಳಲ್ಲಿ ಸಡಿಲಿಕೆ ಇರಬಹುದು, ಇದರಲ್ಲಿ ಇಲ್ಲ.

ಉಂಡೆಯನ್ನು ಕೈಯಲ್ಲಿ ಹಿಡಿದು ನೋಡಿದೆ. ನಮ್ಮ ಮೀನೆಣ್ಣೆ ಗುಳಿಗೆಯ ಅಣ್ಣ! ನಿಜಕ್ಕೂ ಅದೇ ಜಾತಿ. ಮೇಲಿನ ಚಿಪ್ಪು ಜೆಲಟಿನ್, ಒಳಗೆ ನೀರಿನಲ್ಲಿ ತೊಳೆದುಹೋಗುವ ಬಣ್ಣ. ಮೊದಮೊದಲು ಎಣ್ಣೆಬಣ್ಣವಿತ್ತು, ಟರ್ಪೆಂಟೈನ್ ಹಾಕಿ ಉಜ್ಜಬೇಕಿತ್ತು. ಉಂಡೆಯ ಅಡ್ಡಳತೆ 17 ಮಿ.ಮೀ., ತೂಕ ಸುಮಾರು 3 ಗ್ರಾಂ. ಗಾಳಿಯ ಒತ್ತಡದಿಂದ ಅದು ಹಾರುತ್ತದೆ. ವೇಗ ಸೆಕೆಂಡಿಗೆ 300 ಅಡಿ ಮೀರಕೂಡದು, ಅನೇಕ ಮೈದಾನಗಳಲ್ಲಿ 280. ಆಟಕ್ಕೆ ಮೊದಲು ಪ್ರತಿಯೊಬ್ಬರ ಮಾರ್ಕರನ್ನೂ ವೇಗ ಅಳೆಯುವ ಯಂತ್ರದ ಮುಂದೆ ಪರೀಕ್ಷಿಸುತ್ತಾರೆ. ತಾಗಿದರೆ ನೋವಿದೆಯೇ? ಇದೆ. ಲಗೋರಿಯಲ್ಲಿ ಹತ್ತಿರದಿಂದ ಎಸೆದ ಚೆಂಡು ಬೆನ್ನಿಗೆ ಬಿದ್ದಾಗಿನ ಉರಿ. ಒಂದೆರಡು ದಿನ ನೀಲಿ ಕಲೆ. ಚಿಕ್ಕ ಮಕ್ಕಳಿಗೆಂದು ಅರ್ಧ ಇಂಚಿನ ಸಣ್ಣ ಉಂಡೆಯ ಮಾರ್ಕರುಗಳೂ ಇವೆ, ಅವುಗಳ ಪೆಟ್ಟು ಮೆದು.

ನಾನೂ ಹುಡುಗನ ಜೊತೆ ಇಳಿದೆ. ಆರಂಭಿಕರನ್ನು ಆರಂಭಿಕರೊಂದಿಗೇ ಆಡಿಸುತ್ತಾರೆ. ಎಂಟು ಮಂದಿಯ ಎರಡು ತಂಡ, ಎದುರಾಳಿಯ ಬಾವುಟ ತರಬೇಕು. ಸೀಟಿ ಊದಿದ ಕೂಡಲೇ ಹುಡುಗರೆಲ್ಲ ಟಪಟಪನೆ ಹಾರಿಸತೊಡಗಿದರು. ಎರಡೇ ನಿಮಿಷದಲ್ಲಿ ಅವರಲ್ಲಿ ಅರ್ಧ ಜನ ಬಣ್ಣ ಮೆತ್ತಿಕೊಂಡು ಹೊರಗೆ ಬಂದರು. ಉಳಿದವರು ಹಳೆಯ ಕಲ್ಲಿನ ಪಾಗಾರದ ಹಿಂದೆ ಮಲಗಿದವರು. ಒಣಗಿದ ಎಲೆ ಸದ್ದಾಗದಂತೆ ಹೆಜ್ಜೆ ಇಡುವುದು, ಬಿಸಿಲು ಯಾವ ಕಡೆಯಿಂದ ಬರುತ್ತಿದೆ ನೋಡುವುದು, ಜೊತೆಗಾರನಿಗೆ ಕೈಸನ್ನೆ ಮಾಡುವುದು, ಕಾಯುವುದು. ಕಣ್ಣಾಮುಚ್ಚಾಲೆ ಆಡಿ ಬೆಳೆದವರಿಗೆ ಇದೆಲ್ಲ ಬರುತ್ತದೆ. ಹುಡುಗ ಹೊಟ್ಟೆಯ ಮೇಲೆ ತೆವಳಿಕೊಂಡು ನಲವತ್ತು ಗಜ ಹೋದ. ಕಂಪ್ಯೂಟರ್ ಮುಂದೆ ಅಷ್ಟು ಹೊತ್ತು ಅವನು ಸುಮ್ಮನೆ ಇದ್ದದ್ದನ್ನು ನಾನು ಕಂಡಿಲ್ಲ!

ನನಗೆ ಬಹಳ ಹಿಡಿಸಿದ ಸಂಗತಿ ಬೇರೆ. ಬಣ್ಣ ತಾಗಿದವನು ತಾನಾಗಿ "ಔಟ್" ಎಂದು ಕೂಗಿ, ಕೈ ಎತ್ತಿ ಹೊರಗೆ ನಡೆಯಬೇಕು. ಪೊದೆಯೊಳಗೆ ಏನಾಯಿತೆಂದು ರೆಫ್ರಿಗೆ ಎಲ್ಲ ಕಾಣುವುದಿಲ್ಲ. ಅಂಗಿಗೆ ಒರಸಿಕೊಂಡು ಆಡುವವರೂ ಇದ್ದಾರೆ. ಅಂಥವರನ್ನು ಮರುವಾರ ಯಾರೂ ತಂಡಕ್ಕೆ ಸೇರಿಸಿಕೊಳ್ಳುವುದಿಲ್ಲ. ನಮ್ಮ ಹುಡುಗನ ಹಿಮ್ಮಡಿಗೆ ಒಂದು ಹನಿ ಬಣ್ಣ ಬಿದ್ದಿತ್ತು, ನಾನೊಬ್ಬನೇ ನೋಡಿದ್ದೆ. ಬಾವುಟ ಹತ್ತು ಹೆಜ್ಜೆ ದೂರದಲ್ಲಿತ್ತು. ಅವನು ಕಾಲು ತಿರುಗಿಸಿ ನೋಡಿ, ಕೈ ಎತ್ತಿ ಹೊರಟೇಬಿಟ್ಟ. ಬಲೆಯ ಆಚೆ ಅವನ ತಾಯಿ ನೋಡುತ್ತಿದ್ದಳು.

ಮನೆಗೆ ಬಂದ ಮೇಲೆ ಅವಳು ಮೊದಲು ಮಾಡಿದ ಕೆಲಸ ಮಗನ ಮೈಯಲ್ಲಿ ಉಣ್ಣಿ ಹುಡುಕಿದ್ದು. ಆ ಕಾಡಿನ ಉಣ್ಣಿ ಕಚ್ಚಿದರೆ ಲೈಮ್ ಎಂಬ ಕಾಯಿಲೆ ಬರುತ್ತದೆ. ಆಮೇಲೆ ತನ್ನ ಷರತ್ತು ಹೇಳಿದಳು. ತಿಂಗಳಿಗೊಂದು ಶನಿವಾರ ಹೋಗಬಹುದು, ಮಾರ್ಕರ್ ಮಾತ್ರ ಮನೆಯೊಳಗೆ ಬರಕೂಡದು. ಮೈದಾನದಲ್ಲಿ ಬಾಡಿಗೆಗೆ ತೆಗೆದುಕೊಂಡು ಅಲ್ಲೇ ಕೊಟ್ಟು ಬರಬೇಕು. ಈ ತೀರ್ಪು ನನಗೂ ಸರಿ ಕಂಡಿತು.

ಹೊಸಬರು ಇದನ್ನು ನಿಯಮಿತ ಹವ್ಯಾಸ ಮಾಡಿಕೊಳ್ಳಬೇಕಾದರೆ ಆ ತಾಯಿಯ ದಾರಿಯೇ ಒಳ್ಳೆಯದು. ಮೊದಲ ನಾಲ್ಕೈದು ಸಲ ಎಲ್ಲವನ್ನೂ ಬಾಡಿಗೆಗೆ ಪಡೆಯಿರಿ. ಆಮೇಲೆ ಸ್ವಂತಕ್ಕೆ ಏನಾದರೂ ಕೊಳ್ಳುವುದಿದ್ದರೆ ಮೊದಲು ಮುಖವಾಡ, ಮಂಜು ಹಿಡಿಯದ ಎರಡು ಪದರದ ಗಾಜಿನದ್ದು. ನಿಮ್ಮ ಮುಖಕ್ಕೆ ಸರಿಯಾಗಿ ಕೂರುವ ಮುಖವಾಡವಿದ್ದರೆ ಅರ್ಧ ಆಟ ಕಲಿತ ಹಾಗೆ. ಖರ್ಚು ಇರುವುದು ಉಂಡೆಗಳಲ್ಲಿ. ಗುರಿಯಿಲ್ಲದೆ ಹಾರಿಸಿದರೆ ಒಂದು ಬೆಳಿಗ್ಗೆ 500 ಉಂಡೆ ಮುಗಿಯುತ್ತದೆ, ಕಾದು ಆಡಿದರೆ 200 ಧಾರಾಳ ಸಾಕು. ಪ್ರತಿ ಸಲವೂ ಅದೇ ಮೈದಾನಕ್ಕೆ, ಅದೇ ವಾರದಂದು ಹೋಗಿ. ನಾಲ್ಕನೇ ಸಲಕ್ಕೆ ಅಲ್ಲಿಯ ಹಳಬರು ನಿಮ್ಮ ಹೆಸರು ಕರೆಯುತ್ತಾರೆ. ಹವ್ಯಾಸ ನಿಲ್ಲುವುದು ಜೊತೆ ಸಿಕ್ಕಾಗಲೇ.

ನಮ್ಮಲ್ಲಿ ಬೆಂಗಳೂರಿನ ಸುತ್ತಮುತ್ತ ಈ ಆಟದ ಜಾಗಗಳಿವೆ, ಹೊಸೂರಿನ ಕುಟುಂಬಗಳಿಗೆ ದೂರವಲ್ಲ. ಆದರೆ ಹೆಚ್ಚಿನವರು ಕಂಪೆನಿಯ ಪಿಕ್‌ನಿಕ್ಕಿನ ದಿನ ಒಮ್ಮೆ ಆಡಿ ಮರೆಯುತ್ತಾರೆ. ಧರ್ಮಕೇಂದ್ರದ ಯುವಜನರು ಎಂಟು ಹತ್ತು ಮಂದಿ ಸೇರಿ ಎರಡು ತಿಂಗಳಿಗೊಮ್ಮೆ ಹೋದರೆ ಚೆನ್ನಾಗಿತ್ತು. ಹೋಗುವ ಮೊದಲು ಫೋನು ಮಾಡಿ ಮೂರು ವಿಷಯ ಕೇಳಿ: ಮುಖವಾಡ ಕಿವಿಯನ್ನೂ ಮುಚ್ಚುತ್ತದೆಯೇ, ಮಾರ್ಕರಿನ ವೇಗ ಅಳೆಯುತ್ತೀರಾ, ಆಟದ ಒಳಗೆ ರೆಫ್ರಿ ಇರುತ್ತಾರಾ? ಮೂರಕ್ಕೂ ಹೌದು ಎನ್ನದಿದ್ದರೆ ಬೇರೆ ಜಾಗ ನೋಡಿ. ಉದ್ದ ತೋಳಿನ ಹಳೆಯ ಅಂಗಿ, ದಪ್ಪ ಪ್ಯಾಂಟು, ಹಿಡಿತವಿರುವ ಶೂ ಹಾಕಿಕೊಳ್ಳಿ, ಚಪ್ಪಲಿ ಬೇಡ. ಒಂದು ಜೊತೆ ಒಣ ಬಟ್ಟೆ, ಬೈರಾಸು, ಬೇಕಾದಷ್ಟು ಕುಡಿಯುವ ನೀರು ಜೊತೆಗಿರಲಿ. ನಮ್ಮ ಬಿಸಿಲಿನಲ್ಲಿ ಮುಖವಾಡದೊಳಗೆ ಬೆವರುವುದು ನ್ಯೂ ಹ್ಯಾಂಪ್‌ಶೈರಿನ ಎರಡು ಪಟ್ಟು. ಆದ್ದರಿಂದ ಬೆಳಿಗ್ಗೆ ಎಂಟಕ್ಕೇ ಶುರು ಮಾಡಿ ಹನ್ನೊಂದರೊಳಗೆ ಮುಗಿಸಿಬಿಡಿ.