ಅತ್ತಿಗೆ ಹಾಕಿದ ಒಂದು ಸೈನು

ಹೋದ ವರ್ಷ ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಗಾರ್ಮೆಂಟ್ಸ್‌ನಿಂದ ಅತ್ತಿಗೆ ಫೋನ್ ಮಾಡಿದರು. "ಇಲ್ಲೊಂದು ಪೇಪರ್ ಕೊಟ್ಟವ್ರೆ, ಸೈನ್ ಹಾಕ್ಲಾ?" ಅಂದರು. ಏನು ಪೇಪರ್ ಅಂತ ನಾವು ಯಾರೂ ಕೇಳಲಿಲ್ಲ. "ಹಾಕ್ಬುಟ್ಟು ಬನ್ನಿ, ಬರೋ ದುಡ್ಡು ಬೇಗ ಬರ್ಲಿ" ಅಂದೆವು. ಜರ್ನಲಿಸಂ ಓದಿದವರ ಮನೆ ಅಂತ ಊರಲ್ಲಿ ನಮಗೆ ಹೆಸರು. ಪಿಂಚಣಿ ಅರ್ಜಿಯಿಂದ ಹಿಡಿದು ಪಹಣಿ ತಿದ್ದುಪಡಿವರೆಗೆ ಜನ ನಮ್ಮನ್ನೇ ಕೇಳುತ್ತಾರೆ. ನಮ್ಮ ಮನೆಯ ಹೆಣ್ಣುಮಗಳು ಕೇಳಿದಾಗ ಮಾತ್ರ ನಾವು ಯೋಚನೆ ಮಾಡಲಿಲ್ಲ.

ಆಗಿದ್ದು ಇಷ್ಟು. ಅತ್ತಿಗೆ ಆರು ವರ್ಷದಿಂದ ಅಲ್ಲಿ ಟೈಲರ್. ಬೆಳಿಗ್ಗೆ ಒಂಬತ್ತಕ್ಕೆ ಕೆಲಸ, ಸಂಜೆ ಐದೂವರೆಗೆ ಬಿಡುಗಡೆ. ಊರ ಬಾಗಿಲಿಗೇ ವ್ಯಾನ್ ಬರುತ್ತಿತ್ತು. ಒಂದು ಶನಿವಾರ ಸೂಪರ್‌ವೈಸರ್ ಬಂದು, ಸೋಮವಾರದಿಂದ ನಿಮ್ಮ ಲೈನ್ ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ ಅಂದರಂತೆ. ಆ ಹೊತ್ತಿಗೆ ವ್ಯಾನ್ ಇಲ್ಲ. ನಮ್ಮೂರಿಗೆ ಕೊನೇ ಬಸ್ಸು ಎಂಟೂಕಾಲಿಗೆ. ಮನೆಯಲ್ಲಿ ನಾಲ್ಕು ವರ್ಷದ ಮಗು, ಮಂಡಿನೋವಿನ ಅವ್ವ. "ರಾತ್ರಿ ಪಾಳಿ ಆಗಲ್ಲ ಸಾರ್" ಅಂದಿದ್ದಕ್ಕೆ, "ಆಗಲ್ಲ ಅಂದ್ರೆ ಬರೆದುಕೊಟ್ಟು ಹೋಗಮ್ಮ" ಅಂತ ಅಚ್ಚು ಹಾಕಿದ ಒಂದು ಹಾಳೆ ಕೊಟ್ಟರು. ಅದರಲ್ಲಿ ಇದ್ದಿದ್ದು ಒಂದೇ ಸಾಲು. ಸ್ವಂತ ಇಚ್ಛೆಯಿಂದ ಕೆಲಸಕ್ಕೆ ರಾಜೀನಾಮೆ ನೀಡುತ್ತಿದ್ದೇನೆ ಅಂತ.

ಒಂದೂವರೆ ತಿಂಗಳು ಕಳೆದ ಮೇಲೆ ನಮಗೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ನೆನಪಾಯಿತು. ಸಂಬಳದಲ್ಲಿ ಇಎಸ್‌ಐ ಹಿಡಿಸಿಕೊಂಡವರು ಕೆಲಸ ಕಳೆದುಕೊಂಡರೆ ಸಿಗುವ ನೆರವು ಇದು. 2018ರ ಜುಲೈ 1ರಂದು ಶುರುವಾದಾಗ ಸರಾಸರಿ ದಿನಗೂಲಿಯ ಕಾಲು ಭಾಗ ಕೊಡುತ್ತಿದ್ದರು. ಕೊರೊನಾ ಬಂದ 2020ರಲ್ಲಿ ಅದನ್ನು ಅರ್ಧಕ್ಕೆ ಏರಿಸಿದರು. ಜೀವಮಾನದಲ್ಲಿ ಒಟ್ಟು 90 ದಿನಕ್ಕೆ ಮಾತ್ರ. ದಿನಕ್ಕೆ 400 ರೂಪಾಯಿ ದುಡಿಯುತ್ತಿದ್ದವರಿಗೆ 200ರ ಲೆಕ್ಕದಲ್ಲಿ 18,000 ರೂಪಾಯಿ. ನಮ್ಮಂಥ ಮನೆಗೆ ಅದು ಮೂರು ತಿಂಗಳ ರೇಷನ್, ಹಾಲು, ಸಂಘದ ಕಂತು.

ಅತ್ತಿಗೆಗೆ ಬೇರೆ ಅರ್ಹತೆಗಳೆಲ್ಲ ಇದ್ದವು. ಕೆಲಸ ಹೋಗುವ ಮುಂಚಿನ ಎರಡು ವರ್ಷ ಇಎಸ್‌ಐ ಇರುವ ಕೆಲಸದಲ್ಲಿರಬೇಕು, ಇದ್ದರು. ಇಎಸ್‌ಐನವರು ವರ್ಷವನ್ನು ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಅಂತ ಎರಡು ಭಾಗ ಮಾಡುತ್ತಾರೆ. ಕೆಲಸ ಹೋಗುವುದಕ್ಕೆ ಹಿಂದಿನ ಭಾಗದಲ್ಲಿ 78 ದಿನ, ಎರಡು ವರ್ಷದ ಉಳಿದ ಮೂರು ಭಾಗಗಳಲ್ಲಿ ಯಾವುದಾದರೂ ಒಂದರಲ್ಲಿ 78 ದಿನ ವಂತಿಗೆ ಕಟ್ಟಿರಬೇಕು. ಅದೂ ಇತ್ತು. ಕೆಲಸ ಹೋಗಿ 30 ದಿನ ಆದಮೇಲೆ ಅರ್ಜಿ ಹಾಕಬಹುದು, ಅದಕ್ಕೆ ಕಂಪನಿಯ ಮೂಲಕವೇ ಹೋಗಬೇಕು ಅಂತಿಲ್ಲ. ಆಧಾರ್, ಪಾಸ್‌ಬುಕ್ ಹಿಡಿದು ಶಾಖಾ ಕಚೇರಿಗೆ ಹೋದೆವು.

ಗುಮಾಸ್ತರು ಒಳ್ಳೆಯವರೇ. ಕಂಪ್ಯೂಟರ್ ನೋಡಿದರು, ರಾಜೀನಾಮೆಯ ಪ್ರತಿ ನೋಡಿದರು. "ನಿಮ್ಮನ್ನ ತೆಗೆದ್ರು ಅಂತೀರಿ, ಇಲ್ಲಿ ನೀವೇ ಬಿಟ್ಟೆ ಅಂತ ಇದೆಯಲ್ಲಮ್ಮ" ಅಂದರು. ದುರ್ನಡತೆಗೆ ಶಿಕ್ಷೆಯಾಗಿ ಕೆಲಸ ಹೋದವರಿಗೆ, ವಯಸ್ಸಾಗಿ ನಿವೃತ್ತರಾದವರಿಗೆ, ಸ್ವಯಂ ನಿವೃತ್ತಿ ತಗೊಂಡವರಿಗೆ ಈ ನೆರವು ಇಲ್ಲ. ಪಾಳಿ ಬದಲಾಗಿದ್ದು, ವ್ಯಾನ್ ಇಲ್ಲದ್ದು, ಮಗು, ಎಲ್ಲವನ್ನೂ ಬರೆದು ಅರ್ಜಿ ಕೊಟ್ಟೆವು. ಎರಡು ತಿಂಗಳಿಗೆ ತಿರಸ್ಕಾರವಾಗಿ ಬಂತು. ನಾವು ಬರೆದ ಎರಡು ಪುಟಕ್ಕಿಂತ ಅವರು ಅಚ್ಚು ಹಾಕಿಸಿದ ಒಂದು ಸಾಲು ತೂಕವಾಯಿತು.

ಆಮೇಲೆ ಕೂತು ಓದಿದಾಗ ಗೊತ್ತಾಗಿದ್ದು ಇನ್ನೂ ಹೊಟ್ಟೆ ಉರಿಸಿತು. ಪಾಳಿ ಬದಲಿಸುವ ಮುಂಚೆ ಕಾರ್ಮಿಕರಿಗೆ 21 ದಿನದ ನೋಟಿಸ್ ಕೊಡಬೇಕು ಅಂತ ಕಾನೂನೇ ಇದೆ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಇತ್ತು, ಅದರ ಜಾಗಕ್ಕೆ ತಂದ ಹೊಸ ಸಂಹಿತೆಯಲ್ಲೂ ಇದೆ. ಕಂಪನಿಯ ಸ್ಥಾಯಿ ಆದೇಶದಲ್ಲಿ ಪಾಳಿ ಬದಲಿಸುವ ಕ್ರಮ ಮೊದಲೇ ಬರೆದಿದ್ದರೆ ಮಾತು ಬೇರೆ. ನಮ್ಮ ರಾಜ್ಯದಲ್ಲಿ ಸಂಜೆ 7ರಿಂದ ಬೆಳಿಗ್ಗೆ 6ರ ನಡುವೆ ಕಾರ್ಖಾನೆಯಲ್ಲಿ ಹೆಂಗಸರನ್ನು ದುಡಿಸಬೇಕಾದರೆ ಅವರ ಲಿಖಿತ ಒಪ್ಪಿಗೆ ಬೇಕು, ವಾಹನದ ವ್ಯವಸ್ಥೆಯೂ ಬೇಕು. ಅತ್ತಿಗೆಗೆ ಶನಿವಾರ ಹೇಳಿ ಸೋಮವಾರ ಬಾ ಅಂದಿದ್ದರು. ಒಪ್ಪಿಗೆ ಯಾರೂ ಕೇಳಿರಲಿಲ್ಲ.

ಅದೇ ವ್ಯಾನಿನಲ್ಲಿ ಹೋಗುತ್ತಿದ್ದ ಪಕ್ಕದ ಬೀದಿಯ ಅಕ್ಕ ಸೈನ್ ಹಾಕಿರಲಿಲ್ಲ. "ನಾನು ಕೆಲಸ ಬಿಡ್ತಿಲ್ಲ. ರಾತ್ರಿ ಪಾಳಿಗೆ ನನ್ನ ಒಪ್ಪಿಗೆ ಇಲ್ಲ, ಬರಕ್ಕೆ ಬಸ್ಸೂ ಇಲ್ಲ. ಹಗಲು ಪಾಳಿ ಕೊಡಿ" ಅಂತ ಮಗನ ಕೈಲಿ ಬರೆಸಿ, ರಿಜಿಸ್ಟರ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಂಡಿದ್ದರು. ಒಂದು ಪ್ರತಿ ಕಾರ್ಮಿಕ ನಿರೀಕ್ಷಕರ ಕಚೇರಿಗೂ ಕೊಟ್ಟಿದ್ದರು. ಹದಿನೈದು ದಿನ ಒದ್ದಾಡಿಸಿ ಅವರನ್ನು ಬೇರೆ ಲೈನಿನ ಹಗಲು ಪಾಳಿಗೆ ಹಾಕಿದರು. ಅವರು ಓದಿದ್ದು ಏಳನೇ ಕ್ಲಾಸು.

ಅದಕ್ಕೇ ಇದನ್ನು ಬರೆಯುತ್ತಿದ್ದೇವೆ. ಪಾಳಿ ಬದಲಾಯಿಸಿದ್ದು ಅವರು. ಆದರೆ ರಾಜೀನಾಮೆ ಕೊಟ್ಟರೆ ಕಾಗದದಲ್ಲಿ ಕೆಲಸ ಬಿಟ್ಟವರು ನೀವೇ ಆಗುತ್ತೀರಿ. ಸುಮ್ಮನೆ ಹೋಗುವುದು ನಿಲ್ಲಿಸಿದರೂ ಗೈರುಹಾಜರಿ ಅಂತ ಬರೆಯುತ್ತಾರೆ, ಅದೂ ನಿಮ್ಮ ಮೇಲೇ. ಪೇಪರ್ ಕೊಟ್ಟರೆ ಫೋನಿನಲ್ಲಿ ಫೋಟೋ ತೆಗೆದು ಓದಬಲ್ಲವರಿಗೆ ಕಳಿಸಿ, "ನಾಳೆ ಹೇಳ್ತೀನಿ" ಅನ್ನಿ. ಕೆಲಸ ಬಿಡಲೇಬೇಕಾಗಿ ಬಂದರೂ ಪಾಳಿ ಬದಲಾಗಿದ್ದೇ ಕಾರಣ ಅಂತ ನಿಮ್ಮ ಕೈಬರಹದಲ್ಲೇ ಬರೆಯಿರಿ, ಸೀಲು ಹಾಕಿಸಿ ಪ್ರತಿ ಇಟ್ಟುಕೊಳ್ಳಿ. ಹಾಗೆ ಬರೆದರೆ ನೆರವು ಸಿಕ್ಕೇ ಸಿಗುತ್ತದೆ ಅಂತಲ್ಲ, ಕೇಳುವುದಕ್ಕೆ ಕೈಯಲ್ಲಿ ಒಂದು ಆಧಾರ ಇರುತ್ತದೆ. ಯೋಜನೆಯ ಅವಧಿಯನ್ನು ಆಗಾಗ ವಿಸ್ತರಿಸುತ್ತಾ ಬಂದಿದ್ದಾರೆ, ಈಗಿನ ನಿಯಮ ಏನು ಅಂತ ಇಎಸ್‌ಐ ಶಾಖೆಯಲ್ಲಿ ಕೇಳಿಕೊಂಡು ಅರ್ಜಿ ಹಾಕಿ.

ಅತ್ತಿಗೆ ಈಗ ಮನೆಯಲ್ಲೇ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಾರೆ. ನಮ್ಮನ್ನು ಒಂದು ದಿನವೂ ಬೈದಿಲ್ಲ. ಆದರೆ ಈಗ ಯಾವ ಪೇಪರ್ ಬಂದರೂ, ಮಗುವಿನ ಅಂಗನವಾಡಿ ಚೀಟಿಯಾದರೂ ಸರಿ, "ಮೊದ್ಲು ಓದಿ ಹೇಳಿ, ಆಮೇಲೆ ಪೆನ್ ಕೊಡಿ" ಅನ್ನುತ್ತಾರೆ. ನಾವು ಓದಿ ಹೇಳುತ್ತೇವೆ.