ಮುಂದಿನ ಆಸನ

ಕೋಲಾರ ಸೀಮೆಯ ಸುಗಟೂರು ಒಂದು ಕಾಲಕ್ಕೆ ಪಾಳೆಯಗಾರರ ಊರು. ನನ್ನ ಬಾಲ್ಯದ ವೇಳೆಗೆ ಅದು ಹಿಪ್ಪುನೇರಳೆ ತೋಟಗಳ ಊರಾಗಿತ್ತು. ನಮ್ಮ ಮನೆಯ ಮುಂದೆ ಬಂದು ನಿಂತ ಮೊದಲ ಮೋಟಾರು ವಾಹನವೆಂದರೆ ಚಿಕ್ಕಪ್ಪ ಕೊಂಡು ತಂದ ಹಳೆಯ ಮಾರುತಿ ಓಮ್ನಿ. ಅದು 1990ರ ದಶಕದ ಮಾತು.

1983ರ ಡಿಸೆಂಬರಿನಲ್ಲಿ ಮಾರುತಿ 800 ಎಂಬ ಪುಟ್ಟ ಕಾರು ರಸ್ತೆಗಿಳಿಯಿತು. ಮರುವರ್ಷವೇ ಅದರ ಒಡಹುಟ್ಟಿನಂತೆ ಈ ವ್ಯಾನು ಬಂದಿತು. 1988ರಲ್ಲಿ ಓಮ್ನಿ ಎಂಬ ಹೆಸರು ಪಡೆಯಿತು. ಎರಡಕ್ಕೂ ಮೂರು ಸಿಲಿಂಡರುಗಳ, 796 ಘನ ಸೆಂಟಿಮೀಟರಿನ ಎಂಜಿನು. ಕಾರಿನಲ್ಲಿ ಅದು ಮೂತಿಯೊಳಗೆ ಅಡಗಿದ್ದರೆ ವ್ಯಾನಿನಲ್ಲಿ ಮುಂದಿನ ಆಸನಗಳ ಕೆಳಗೆ ಕುಳಿತಿತ್ತು. ಆದ್ದರಿಂದ ಮೂತಿಯೇ ಬೇಕಾಗಲಿಲ್ಲ. ಉದ್ದವೆಲ್ಲವೂ ಜನರಿಗೆ, ಸಾಮಾನಿಗೆ ದೊರಕಿತು.

ರೇಷ್ಮೆ ಬೆಳೆಗಾರನಿಗೆ ಇದಕ್ಕಿಂತ ಒಪ್ಪುವ ವಾಹನ ಬೇರೊಂದಿರಲಿಲ್ಲ. ಗೂಡು ತೂಕದಲ್ಲಿ ಹಗುರ, ಗಾತ್ರದಲ್ಲಿ ಹಿರಿದು. ಒತ್ತಿ ತುಂಬಿದರೆ ನುಗ್ಗಾಗುತ್ತದೆ. ಮಾರಾಟ ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತುಮಾಡಿ ಹೊರಬರುತ್ತದೆ. ಆಮೇಲೆ ಅದರಿಂದ ನೂಲು ಬಿಚ್ಚಲು ಬಾರದು. ಹಿಂದಿನ ಆಸನವನ್ನು ಕಳಚಿಟ್ಟು, ಜಾರುಬಾಗಿಲನ್ನು ಸರಿಸಿ, ಗೂಡಿನ ಚೀಲಗಳನ್ನು ಸಡಿಲವಾಗಿ ಜೋಡಿಸಿಕೊಂಡು ಚಿಕ್ಕಪ್ಪ ನಸುಕಿನಲ್ಲಿಯೇ ಶಿಡ್ಲಘಟ್ಟದ ಮಾರುಕಟ್ಟೆಗೆ ಹೊರಡುತ್ತಿದ್ದರು. ಅದೇ ಆಸನವನ್ನು ಮತ್ತೆ ಕೂಡಿಸಿ ಹನ್ನೊಂದು ಮಂದಿ ಮದುವೆಗೆ ಹೋದದ್ದೂ ಉಂಟು. ಕಾನೂನಿನ ಲೆಕ್ಕ ಬೇರೆಯಿತ್ತು, ಬಿಡಿ.

ಶಾಲೆಗೆ ರಜೆಯಿದ್ದ ದಿನ ನಾನೂ ಮಾರುಕಟ್ಟೆಗೆ ಹೋಗುತ್ತಿದ್ದೆ. ಮುಂದಿನ ಆಸನ ನನ್ನದೆಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಮಾಗಿಯ ಚಳಿಯಲ್ಲಿ ಕೆಳಗಿನಿಂದ ಏರುವ ಎಂಜಿನಿನ ಬಿಸಿ, ಒಲೆಯ ಮುಂದೆ ಕುಳಿತಷ್ಟು ಹಿತವಾಗಿತ್ತು. ಒಂದು ಮುಂಜಾನೆ ದಟ್ಟ ಮಂಜು. ಹರಾಜಿನ ಹೊತ್ತಿಗೆ ತಲುಪುವ ಅವಸರ ನಮ್ಮದು. ದೀಪವಿಲ್ಲದೆ ಮುಂದೆ ಸಾಗುತ್ತಿದ್ದ ಹುಲ್ಲಿನ ಗಾಡಿ ಕಂಡದ್ದು ತೀರ ಹತ್ತಿರ ಬಂದಾಗ. ಚಿಕ್ಕಪ್ಪ ಎಡಗೈಯನ್ನು ನನ್ನ ಎದೆಗೆ ಅಡ್ಡಹಿಡಿದು ಬ್ರೇಕು ಒತ್ತಿದರು. ವ್ಯಾನು ನಿಂತಾಗ ರಾಗಿಹುಲ್ಲಿನ ಎಳೆಗಳು ಗಾಜನ್ನು ಸವರುತ್ತಿದ್ದವು. ನನ್ನ ಮೊಣಕಾಲಿಗೂ ಆ ಗಾಡಿಗೂ ನಡುವೆ ಹೆಚ್ಚಿನದೇನೂ ಇರಲಿಲ್ಲ. ನಾವಿಬ್ಬರೂ ಬಹಳ ಹೊತ್ತು ಮಾತನಾಡಲಿಲ್ಲ.

ಮನೆಯಲ್ಲಿ ಹೇಳಬಾರದೆಂದು ಒಪ್ಪಂದವಾಯಿತು. ಆದರೆ ಗಾಜಿನ ಅಂಚಿಗೆ ಸಿಕ್ಕಿಕೊಂಡಿದ್ದ ಹುಲ್ಲನ್ನು ಅಜ್ಜಿ ಕಂಡರು. ಏನೂ ಕೇಳಲಿಲ್ಲ. ಮುಂದಿನ ವಾರ ಮನೆಮಂದಿಯೆಲ್ಲ ಜಾತ್ರೆಗೆ ಹೊರಟಾಗ, "ನನಗೆ ಮಂಡಿನೋವು, ಬಿಸಿ ತಾಗಬೇಕು. ನೀನು ಹಿಂದೆ ಕೂತ್ಕೊಳಪ್ಪ" ಎನ್ನುತ್ತ ಮುಂದಿನ ಆಸನವನ್ನು ಏರಿಬಿಟ್ಟರು. ಅಲ್ಲಿಂದಾಚೆಗೆ ಅದನ್ನು ಯಾವ ಮಕ್ಕಳಿಗೂ ಬಿಟ್ಟುಕೊಡಲಿಲ್ಲ. ಮುದುಕಿಗೆ ಎಷ್ಟು ಆಸೆ ಎಂದು ನಾನು ಒಳಗೊಳಗೇ ಸಿಟ್ಟಾಗಿದ್ದೆ.

ಡಿಕ್ಕಿಯ ಪರೀಕ್ಷೆಯ ನಿಯಮಗಳು ಬಿಗಿಯಾದಾಗ, 2019ರಲ್ಲಿ, ಓಮ್ನಿಯ ತಯಾರಿಕೆ ನಿಂತಿತು. ಒಳಗೆ ಅಷ್ಟು ಜಾಗ ಮಾಡಿಕೊಟ್ಟಿದ್ದ ಆ ಮೂತಿಯಿಲ್ಲದ ಮುಖಕ್ಕೆ ಹೊಸ ಕಾಲದಲ್ಲಿ ಸ್ಥಳವಿರಲಿಲ್ಲ. ಪತ್ರಿಕೆಯಲ್ಲಿ ಆ ಸುದ್ದಿಯನ್ನು ಓದುತ್ತಿದ್ದಂತೆ ನನಗೆ ಒಂದು ಏಪ್ರಿಲ್ ತಿಂಗಳ ನಡುಹಗಲು ನೆನಪಾಯಿತು. ಮೇಲೆ ಬಿಸಿಲು, ಕೆಳಗೆ ಕಾದ ಎಂಜಿನು. ಕಿಟಕಿಯ ಗಾಳಿಗೆ ಮುಖವೊಡ್ಡಿ ಹಿಂದೆ ನಾವು ಮಕ್ಕಳು ನಗುತ್ತಿದ್ದೇವೆ. ಅಜ್ಜಿ ಸೆರಗಿನಿಂದ ಬೆವರೊರೆಸಿಕೊಳ್ಳುತ್ತ, ಮುಂದಿನ ಆಸನದಲ್ಲಿ ರಸ್ತೆಯನ್ನೇ ನೋಡುತ್ತ ಕುಳಿತಿದ್ದಾರೆ.