ರೊಟ್ಟಿ ತಂದವರಿಗೆ ಊಟ

ಕೆಲಸ ಹೈದರಾಬಾದಿಗೆ ವರ್ಗವಾಗಿದೆ, ಮನೆ ಕೊಂಡಾಪುರದಲ್ಲಿ ಸಿಕ್ಕಿದೆ ಎಂದು ಫೋನಿನಲ್ಲಿ ಹೇಳಿದಾಗ ಹಾಸನದಲ್ಲಿದ್ದ ನನ್ನ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: ‘ಅಲ್ಲಿ ಕೊಂಡ ಹಾಯ್ತಾರೇನೋ?’ ನಮ್ಮ ಕಡೆ ಕೊಂಡ ಎಂದರೆ ಜಾತ್ರೆಯ ದಿನ ಕೆಂಡ ತುಂಬುವ ಗುಂಡಿ. ತೆಲುಗಿನಲ್ಲಿ ಕೊಂಡ ಎಂದರೆ ಬೆಟ್ಟ. 2017ರಲ್ಲಿ ಬಂದು ನೋಡಿದರೆ ಇಲ್ಲಿ ಕೆಂಡವೂ ಇರಲಿಲ್ಲ, ಬೆಟ್ಟವೂ ಇರಲಿಲ್ಲ. ಇದ್ದದ್ದು ಅಪಾರ್ಟ್‌ಮೆಂಟು, ಟ್ರಾಫಿಕ್ಕು ಮತ್ತು ಹೋಟೆಲು. ಒಂದು ಕಾಲದ ನೆನಪಿಗೆಂಬಂತೆ ಅಲ್ಲೊಂದು ಇಲ್ಲೊಂದು ದೊಡ್ಡ ಕಲ್ಲುಬಂಡೆ ಉಳಿದುಕೊಂಡಿತ್ತು. ಪಕ್ಕದ ಬಡಾವಣೆಯ ಹೆಸರೇ ಮಸೀದ್ ಬಂಡ.

1998ರಲ್ಲಿ ಪಕ್ಕದ ಮಾದಾಪುರದಲ್ಲಿ ಸೈಬರ್ ಟವರ್ಸ್ ಶುರುವಾಗುವವರೆಗೆ ಇದು ಊರಾಚೆಯ ಹಳ್ಳಿ. 2007ರಲ್ಲಿ ಸೇರಿಲಿಂಗಂಪಲ್ಲಿ ಪುರಸಭೆಯ ಜೊತೆಗೆ ಮಹಾನಗರ ಪಾಲಿಕೆಯ ಹೊಟ್ಟೆಗೆ ಸೇರಿತು. ಇವತ್ತು ಇಲ್ಲಿ ‘ನಿಮ್ಮ ಸ್ವಂತ ಊರು ಇದೇನಾ?’ ಎಂದು ಕೇಳಿದರೆ ಹತ್ತರಲ್ಲಿ ಒಬ್ಬರು ಹೌದು ಎಂದರೆ ಹೆಚ್ಚು. ಎಲ್ಲರೂ ಬಂದವರೇ. ಹಾಗಾಗಿ ಇಲ್ಲಿಯ ಸ್ನೇಹ ಬೆಳೆಯುವುದು ಮನೆಯ ಜಗುಲಿಯಲ್ಲಲ್ಲ, ಹೋಟೆಲಿನ ಮೇಜಿನ ಮೇಲೆ.

ಮೊದಲ ವಾರ ನನಗೆ ಧೈರ್ಯ ಕೊಟ್ಟದ್ದು ಬೋರ್ಡುಗಳು. ತೆಲುಗು ಅಕ್ಷರವನ್ನು ಯಾರೂ ಕಲಿಸದೆ ಓದಬಹುದು. ತಲೆಕಟ್ಟು ಸ್ವಲ್ಪ ವಾಲಿದ ಕನ್ನಡದಂತೆ ಕಾಣುತ್ತದೆ. ಆದರೆ ಓದಿದ್ದೆಲ್ಲ ಅರ್ಥವಾಗುತ್ತದೆ ಅಂದುಕೊಂಡರೆ ಕೆಟ್ಟಿರಿ. ಅಂಗಡಿಯಾತ ‘ಪಾಲು ಕಾವಾಲಾ?’ ಎಂದಾಗ ಯಾವ ಪಾಲು, ಯಾರ ಪಾಲು ಎಂದು ನಾನು ಕಣ್ಣು ಬಿಟ್ಟೆ. ಅವನು ಹಾಲಿನ ಪ್ಯಾಕೆಟ್ ಎತ್ತಿ ತೋರಿಸಿದ. ಹಳಗನ್ನಡದಲ್ಲಿ ಹಾಲಿಗೆ ಪಾಲ್ ಎನ್ನುತ್ತಿದ್ದರು ಎಂದು ಹೈಸ್ಕೂಲಿನಲ್ಲಿ ಉರು ಹೊಡೆದದ್ದು ಆಗ ನೆನಪಾಯಿತು. ನಾವು ಹಕಾರಕ್ಕೆ ಹೊರಳಿದೆವು, ಅವರು ಪಕಾರದಲ್ಲೇ ಉಳಿದರು. ನಮ್ಮ ಹುಳಿ ಅವರ ಪುಲುಸು, ನಮ್ಮ ಹಣ್ಣು ಅವರ ಪಂಡು, ನಮ್ಮ ಸಾರು ಅವರ ಚಾರು. ಇಷ್ಟು ಸೂತ್ರ ಹಿಡಿದುಕೊಂಡರೆ ಮೆನು ಕಾರ್ಡನ್ನು ಮುಕ್ಕಾಲು ಪಾಲು ಗೆದ್ದಂತೆ.

ಗೆಲ್ಲಲಾಗದೆ ಉಳಿದದ್ದು ಕಾಯಿಚಟ್ನಿ. ಇಲ್ಲಿಯ ಟಿಫಿನ್ ಸೆಂಟರುಗಳಲ್ಲಿ ಇಡ್ಲಿಗೆ ಕಡಲೆಕಾಯಿ ಬೀಜದ ಪಲ್ಲಿ ಚಟ್ನಿ, ದೋಸೆಗೆ ಬೆಲ್ಲ ಹುಣಸೆ ಹಾಕಿದ ಅಲ್ಲಂ ಚಟ್ನಿ, ಅಂದರೆ ಶುಂಠಿಯದು. ಮೊದಲ ಆರು ತಿಂಗಳು ಪ್ರತಿ ಶನಿವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಕೊತ್ತಗೂಡ, ಮಿಯಾಪುರ, ಗಚ್ಚಿಬೌಲಿ ಸುತ್ತಿ ‘ನಮ್ಮ’ ದೋಸೆ ಹುಡುಕಿದ್ದೇನೆ. ಎಲ್ಲಿ ಹೋದರೂ ಒಂದಿಷ್ಟು ಕನ್ನಡದವರು ಅದೇ ಹುಡುಕಾಟದಲ್ಲಿ ಸಿಗುತ್ತಿದ್ದರು. ‘ಮದ್ದೂರು ದಾಟಿದರೆ ದೋಸೆ ಮುಗೀತು ಬಿಡಿ’ ಎಂದು ಒಬ್ಬರು, ‘ಸಾಂಬಾರಿಗೆ ಬೆಲ್ಲ ಹಾಕೋದು ಇವರಿಗೆ ಗೊತ್ತಿಲ್ಲ’ ಎಂದು ಇನ್ನೊಬ್ಬರು. ದೂರುತ್ತ ದೂರುತ್ತ ಪರಿಚಯವಾಯಿತು. ಹೀಗೆ ಸೇರಿದ ಹದಿನೈದು ಇಪ್ಪತ್ತು ಕುಟುಂಬಗಳೇ ನಮ್ಮ ಕೂಟ. ಅದಕ್ಕೆ ಹೆಸರೂ ಇಲ್ಲ, ಅಧ್ಯಕ್ಷರೂ ಇಲ್ಲ.

ಊರಿನ ರುಚಿಗೆ ನಾಲಿಗೆ ಒಗ್ಗಿದ್ದು ಆಫೀಸಿನ ಊಟಗಳಿಂದ. ಇಲ್ಲಿ ಯಾರಿಗಾದರೂ ಬಡ್ತಿ ಬಂದರೆ ಬಿರಿಯಾನಿ, ಕೆಲಸ ಬಿಟ್ಟರೆ ಬಿರಿಯಾನಿ, ಮಗು ಹುಟ್ಟಿದರೆ ಬಿರಿಯಾನಿ. ನನ್ನಂಥ ಸಸ್ಯಾಹಾರಿಗೆ ಆಂಧ್ರ ಮೀಲ್ಸ್. ಅದಕ್ಕೂ ಒಂದು ಕ್ರಮವಿದೆ ಎಂದು ಕಲಿಸಿದವರು ಗುಂಟೂರಿನ ಸಹೋದ್ಯೋಗಿ. ಮೊದಲು ಬಿಸಿ ಅನ್ನಕ್ಕೆ ಕಂದಿ ಪೊಡಿ ಮತ್ತು ತುಪ್ಪ, ಆಮೇಲೆ ಪಪ್ಪು, ಆವಕಾಯಿ, ಕೂರ, ಪುಲುಸು, ಚಾರು, ಕೊನೆಗೆ ಪೆರುಗು. ನಾನು ಎಲ್ಲವನ್ನೂ ಒಟ್ಟಿಗೆ ಕಲಸಿದ್ದನ್ನು ನೋಡಿ ಅವರು, ‘ಗುರೂಗಾರು, ಇದು ಊಟವಾ, ಸಿಮೆಂಟಾ?’ ಎಂದು ನಕ್ಕರು. ನಮ್ಮಲ್ಲಿ ಎತ್ತಿಗೂ ಇಟ್ಟು ನಾವೂ ಉಣ್ಣುವ ಹುರುಳಿಯ ಕಟ್ಟು ಇಲ್ಲಿ ‘ಉಲವಚಾರು’ ಎಂಬ ಹೆಸರಿನಲ್ಲಿ ಕೆನೆ ಹಾಕಿಕೊಂಡು ದೊಡ್ಡ ಹೋಟೆಲಿನ ಮೇಜೇರಿದ್ದನ್ನು ಕಂಡಾಗ, ಊರಿನ ಹುಡುಗ ಸೂಟು ಹಾಕಿ ಎದುರಿಗೆ ಬಂದಂತೆ ಖುಷಿಯಾಯಿತು.

ಇನ್ನೊಂದು ಕರ್ರಿ ಪಾಯಿಂಟು. ಇದು ಹೈದರಾಬಾದಿನ ದುಡಿಯುವ ಮನೆಗಳನ್ನು ಕಾಯುತ್ತಿರುವ ಅಂಗಡಿ. ಅನ್ನ ಮನೆಯಲ್ಲಿ ಮಾಡಿಕೊಳ್ಳಿ. ಪಪ್ಪು, ಬೆಂಡೆಕಾಯಿ ಪಲ್ಯ, ಸಾಂಬಾರು ಎಲ್ಲವೂ ಚಿಕ್ಕ ಚಿಕ್ಕ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಗಂಟು ಹಾಕಿ ಸಿಗುತ್ತದೆ. ಸಂಜೆ ಏಳರ ಮೇಲೆ ಅಂಗಡಿ ಮುಂದೆ ನಿಂತರೆ ಯಾರ ಮನೆಯಲ್ಲಿ ಇವತ್ತು ಹೆಂಡತಿಗೆ ಮೀಟಿಂಗು, ಯಾರ ಗಂಡ ಊರಿಗೆ ಹೋಗಿದ್ದಾನೆ ಎಂದು ಗೊತ್ತಾಗಿಬಿಡುತ್ತದೆ.

ಆ ಕರ್ರಿ ಪಾಯಿಂಟಿನ ಎದುರು ಫುಟ್‌ಪಾತಿನಲ್ಲಿ ಸಂಜೆ ಜೊನ್ನರೊಟ್ಟೆ ತಟ್ಟುವ ಹೆಂಗಸೊಬ್ಬಳು ಕೂರುತ್ತಿದ್ದಳು. ಜೊನ್ನ ಎಂದರೆ ಜೋಳ. ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದೆಂದು ಇಂಥ ರೊಟ್ಟಿ ಒಲೆಗಳು ಈ ನಗರದ ರಸ್ತೆರಸ್ತೆಯಲ್ಲೂ ಹೊತ್ತಿಕೊಂಡಿವೆ. ರೊಟ್ಟಿಗೆ 15 ರೂಪಾಯಿ. ಒಂದು ಸಂಜೆ ನಾನು ಕಾಯುತ್ತ ನಿಂತು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಇಟ್ಟಾಗ ಅವಳು ತಲೆ ಎತ್ತದೆ ಕೇಳಿದಳು, ‘ಯಾ ಊರ್ರೀ ನಿಮ್ದು?’

ನನಗೆ ಮೈ ಜುಮ್ಮೆಂದಿತು. ‘ಹಾಸನ. ನೀವು ಕರ್ನಾಟಕದವರಾ ಅಕ್ಕ?’ ಎಂದೆ.

‘ಅಲ್ರೀ. ಇಲ್ಲೇಯವ್ರು. ಕೃಷ್ಣಾ ಕಡೀದು. ಹೊಳಿ ದಾಟಿದ್ರ ರಾಯಚೂರು.’

ಕೃಷ್ಣಾ ಎಂಬ ಹೆಸರಿನ ರೈಲು ನಿಲ್ದಾಣ, ಅದೇ ಹೆಸರಿನ ಮಂಡಲ. ಈಗಿನ ನಾರಾಯಣಪೇಟೆ ಜಿಲ್ಲೆ, ಮೊದಲಿನ ಮಹಬೂಬ್‌ನಗರ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾದಾಗ ರಾಯಚೂರು, ಕಲಬುರಗಿ, ಬೀದರ್ ಮೈಸೂರು ರಾಜ್ಯಕ್ಕೆ ಬಂದವು, ಮರಾಠವಾಡ ಮುಂಬಯಿ ರಾಜ್ಯಕ್ಕೆ ಹೋಯಿತು, ತೆಲಂಗಾಣದ ಜಿಲ್ಲೆಗಳು ಆಂಧ್ರಪ್ರದೇಶ ಸೇರಿದವು. ಹೊಳೆಯ ಆಚೆ ದಡ ಕನ್ನಡನಾಡಾಯಿತು, ಈಚೆ ದಡದಲ್ಲಿ ಮನೆಮಾತು ಕನ್ನಡವಾಗಿಯೇ ಉಳಿಯಿತು. ನಾವು ಹೊಸತಾಗಿ ಬಂದು ‘ಹೊರನಾಡು’ ಎನ್ನುತ್ತಿದ್ದ ನೆಲದಲ್ಲಿ ಅವಳು ಒಳಗಿನವಳೇ ಆಗಿದ್ದಳು, ಕನ್ನಡದ ಸಮೇತ.

ಅಂದಿನಿಂದ ನಾನು ಅಲ್ಲಿಯ ಖಾಯಂ ಗಿರಾಕಿ. ಆಂಧ್ರದವರು ಪ್ರಾಣ ಬಿಡುವ ಗೋಂಗೂರ ಎಂದರೆ ನಮ್ಮ ಉತ್ತರ ಕರ್ನಾಟಕದ ಪುಂಡಿಪಲ್ಯ ಎಂದು ಗೊತ್ತಾದದ್ದು ಅವಳಿಂದ. ನನಗೆ ಜೋಳದ ರೊಟ್ಟಿ ಮುರಿಯಲು ಬರುವುದಿಲ್ಲ ಎಂದು ನಗುತ್ತಿದ್ದಳು. ಹೋದಾಗಲೆಲ್ಲ ಮೊದಲ ಮಾತು ಒಂದೇ: ‘ಊಟ ಆತೇನ್ರಿ?’ ರೊಟ್ಟಿ ಒಯ್ಯಲು ಬಂದವನನ್ನೇ ಊಟ ಆಯಿತೇ ಎಂದು ಕೇಳುವುದು ಎಂಥ ವ್ಯಾಪಾರವೋ! ಅವಳಿಗೆ ಹತ್ತು ವರ್ಷದ ಒಬ್ಬ ಮಗಳು. ಹತ್ತಿರದ ಶಾಲೆಯಲ್ಲಿ ತೆಲುಗು ಓದುತ್ತಿತ್ತು, ಸಂಜೆ ಒಲೆಯ ಪಕ್ಕ ಹೋಂವರ್ಕ್ ಬರೆಯುತ್ತಿತ್ತು.

2022ರಲ್ಲಿ ನಮ್ಮ ಕೂಟ ರಾಜ್ಯೋತ್ಸವವನ್ನು ಸ್ವಲ್ಪ ಜೋರಾಗಿ ಮಾಡಲು ಹೊರಟಿತು. ಸದಸ್ಯರೊಬ್ಬರ ಅಪಾರ್ಟ್‌ಮೆಂಟಿನ ಪಾರ್ಟಿ ಹಾಲ್, ನವೆಂಬರಿನ ಮೊದಲ ಭಾನುವಾರ. ಬಿಸಿಬೇಳೆಬಾತು, ಹೋಳಿಗೆಯ ಜೊತೆಗೆ ಉತ್ತರ ಕರ್ನಾಟಕದ ಲೆಕ್ಕಕ್ಕೆ ರೊಟ್ಟಿ ಎಣ್ಣೆಗಾಯಿ ಇರಲಿ ಎಂದು ತೀರ್ಮಾನವಾಯಿತು. ರೊಟ್ಟಿಯ ಜವಾಬ್ದಾರಿ ನಾನು ಹೊತ್ತೆ. 150 ರೊಟ್ಟಿ ಹೇಳಿ ಬಂದೆ.

‘ಕನ್ನಡದೋರ ಹಬ್ಬ ಏನ್ರೀ? ನಾವೂ ಬರ್ತೀವಿ’ ಎಂದಳು.

‘ಬನ್ನಿ ಅಕ್ಕ, ಹನ್ನೆರಡು ಗಂಟೆಗೆ ರೊಟ್ಟಿ ಅಲ್ಲಿರಬೇಕು’ ಎಂದೆ.

ಆ ಮಾತಿನಲ್ಲಿ ಎರಡು ತುಂಡಿದ್ದವು. ಅವಳು ಮೊದಲನೆಯದನ್ನು ಕೇಳಿಸಿಕೊಂಡಳು. ನಾನು ಹೇಳಿದ್ದು ಎರಡನೆಯದನ್ನು.

ಆ ದಿನ ನನಗೆ ಮೈಕಿನ ಗಲಾಟೆ, ಮಕ್ಕಳ ವೇಷದ ಗಲಾಟೆ. ಹನ್ನೆರಡಕ್ಕೆ ಸರಿಯಾಗಿ ಗೇಟಿನಿಂದ ಫೋನಿಗೆ ಒಂದು ಸಂದೇಶ ಬಂತು: ಡೆಲಿವರಿ ಬಂದಿದೆ, ಬಿಡಬಹುದೇ? ಬೆರಳಲ್ಲಿ ‘ಹೌದು’ ಒತ್ತಿದೆ. ಅಡುಗೆಯ ಹುಡುಗರು ಬುಟ್ಟಿ ಇಳಿಸಿಕೊಂಡರು. ನಿಂತಲ್ಲಿಂದಲೇ 2,250 ರೂಪಾಯಿ ಫೋನಿನಲ್ಲಿ ಕಳಿಸಿದೆ. ಎರಡು ಒತ್ತು, ಕೆಲಸ ಮುಗಿಯಿತು. ವೇದಿಕೆಯಲ್ಲಿ ಆಗ ರಸಪ್ರಶ್ನೆ ನಡೆಯುತ್ತಿತ್ತು. ಕರ್ನಾಟಕದ ಹೊರಗೆ ಕನ್ನಡ ಮಾತಾಡುವ ಊರು ಹೇಳಿ ಎಂದರೆ ಎಲ್ಲರೂ ಕಾಸರಗೋಡು ಎಂದು ಕೂಗಿದರು. ಚಪ್ಪಾಳೆ ಬಿತ್ತು.

ಊಟಕ್ಕೆ ಕೂತಾಗ ನನ್ನ ಹೆಂಡತಿ ಹೇಳಿದಳು, ‘ಹಿಂದಿನ ಬಾಗಿಲ ಹತ್ತಿರ ಯಾರೋ ನಿಂತಿದ್ದರು. ರೇಷ್ಮೆ ಸೀರೆ, ಜೊತೆಗೆ ಲಂಗ ಹಾಕಿದ ಹುಡುಗಿ. ಬನ್ನಿ ಅನ್ನೋಷ್ಟರಲ್ಲಿ ಹೊರಟುಹೋದರು. ನಿಮಗೆ ಗೊತ್ತಿರೋರಾ?’

ಕೈಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು. ಓಡಿ ಗೇಟಿಗೆ ಹೋದೆ. ಕಾವಲಿನವನು ಸರ್ವಿಸ್ ಗೇಟಿನ ಕಡೆ ಕೈ ತೋರಿಸಿದ. ‘ರೊಟ್ಟಿಯವಳಾ ಸಾರ್? ಹೋದಳು.’ ಅವನ ಮೇಲೆ ರೇಗಲು ಬಾಯಿ ತೆಗೆದೆ. ಆದರೆ ‘ಡೆಲಿವರಿ’ ಎಂಬುದಕ್ಕೆ ಹೌದು ಒತ್ತಿದವನು ನಾನೇ ಅಲ್ಲವೇ?

ಮೂರು ದಿನ ನಾನು ಆ ರಸ್ತೆ ಬಿಟ್ಟು ಬಳಸಿಕೊಂಡು ಮನೆಗೆ ಹೋದೆ. ನಾಲ್ಕನೆಯ ದಿನ ಹೋಗಿ ನಿಂತೆ. ಅವಳು ಎಂದಿನಂತೆ ಕೇಳಿದಳು, ‘ಊಟ ಆತೇನ್ರಿ?’ ನಾನು ಕ್ಷಮೆ ಕೇಳಲು ತಡವರಿಸಿದೆ. ಅವಳು ರೊಟ್ಟಿ ತಿರುವಿ ಹಾಕುತ್ತ ಅಂದಳು, ‘ನೀವು ಕೆಲಸದಾಗ ಇದ್ರಿ, ಬಿಡ್ರಿ. ಹುಡುಗಿ ನಾಡಗೀತಿ ಕಲ್ತಿತ್ತು ಫೋನಿನ್ಯಾಗ ನೋಡಿ. ಅಷ್ಟ.’

ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಮೇಲೆ ಆ ವರ್ಷವೆಲ್ಲ ನಾನು ನಮ್ಮ ಕೂಟದ ಊಟಗಳನ್ನು ಬೇರೆ ಕಣ್ಣಿನಿಂದ ನೋಡಿದೆ. ಕೊಂಡಾಪುರದಲ್ಲಿ ನಾವು ಸೇರುತ್ತಿದ್ದದ್ದೆಲ್ಲ ಎಲ್ಲಿ? ಮಾಲಿನ ಮಹಡಿಯಲ್ಲಿ, ಬಫೆ ಹೋಟೆಲಿನಲ್ಲಿ, ಗೇಟು ದಾಟಿ ಹೋಗುವ ಹಾಲಿನಲ್ಲಿ. ಅಲ್ಲಿಗೆ ಬರಲಾಗುವ ಕನ್ನಡದವರನ್ನಷ್ಟೇ ಎಣಿಸಿ ‘ಇಲ್ಲಿ ನಮ್ಮವರು ತುಂಬ ಕಡಿಮೆ’ ಎಂದು ಹೇಳಿಕೊಳ್ಳುತ್ತಿದ್ದೆವು. ಎದುರಿನ ಕಟ್ಟಡದ ಗಾರೆ ಕೆಲಸದಲ್ಲಿ, ಆಟೋ ಸ್ಟ್ಯಾಂಡಿನಲ್ಲಿ, ನಮ್ಮ ಮನೆಗಳ ಪಾತ್ರೆ ತೊಳೆಯುವವರಲ್ಲಿ ರಾಯಚೂರು, ಯಾದಗಿರಿ, ಬೀದರ್ ಕಡೆಯ ಕನ್ನಡ ಕಿವಿಗೆ ಬೀಳುತ್ತಲೇ ಇತ್ತು. ನಾವು ಅವರೊಡನೆ ಮುರುಕು ತೆಲುಗಿನಲ್ಲಿ, ಇಲ್ಲವೇ ‘ನಕ್ಕೊ, ಹೌ’ ಎಂಬ ಹೈದರಾಬಾದಿ ಹಿಂದಿಯಲ್ಲಿ ಮಾತಾಡುತ್ತಿದ್ದೆವು.

ಮರುವರ್ಷ ಇಲ್ಲಿಯವರಿಂದಲೇ ಒಂದು ಪದ್ಧತಿ ಕಡ ತಂದೆವು. ಕಾರ್ತಿಕ ಮಾಸದಲ್ಲಿ ತೆಲುಗಿನವರು ವನಭೋಜನಕ್ಕೆ ಹೋಗುತ್ತಾರೆ. ನೆಲ್ಲಿಮರ ಇರುವ ತೋಟ, ನೆಲದ ಮೇಲೆ ಸಾಲು, ಎಲ್ಲರಿಗೂ ಒಂದೇ ಪಂಕ್ತಿ. ನಾವೂ ಊರಾಚೆಯ ಒಂದು ತೋಟ ಹಿಡಿದೆವು. ನಾನು, ನನ್ನ ಹೆಂಡತಿ ಇಬ್ಬರೂ ಹೋಗಿ ಒಲೆಯ ಮುಂದೆ ನಿಂತು ಕರೆದೆವು. ‘ರೊಟ್ಟಿ ಎಷ್ಟು ಬೇಕ್ರೀ?’ ಎಂದಳು. ‘ಒಂದೂ ಬೇಡ ಅಕ್ಕ. ಊಟಕ್ಕೆ ಬನ್ನಿ.’ ಅವಳು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಒಂದು ದಿನದ ವ್ಯಾಪಾರ ಹೋಗುತ್ತದಲ್ಲ ಎಂಬುದು ನನಗೆ ಆಮೇಲೆ ಹೊಳೆಯಿತು.

ಆದರೂ ಬಂದಳು, ತನ್ನ ಕಡೆಯ ಇನ್ನೆರಡು ಮನೆಯವರನ್ನೂ ಕರೆದುಕೊಂಡು. ಅಂದು ನಮ್ಮ ಹಾಸನದ ಲೆಕ್ಕ ಮುದ್ದೆ, ಸೊಪ್ಪಿನ ಸಾರು. ಅವಳು ಮುದ್ದೆಯ ತುತ್ತನ್ನು ಬಾಯಿಗಿಟ್ಟು ಅಗಿಯತೊಡಗಿದಳು. ಅದು ಹಲ್ಲಿಗೆ, ಅಂಗುಳಕ್ಕೆ ಎಲ್ಲಕ್ಕೂ ಮೆತ್ತಿಕೊಂಡಿತು.

‘ಅಗೀಬಾರದು ಅಕ್ಕ, ನುಂಗಬೇಕು.’

‘ಅಗೀಲಾರದ ಹೆಂಗ ಉಣ್ಣೂದ್ರೀ? ಕೂಸೇನು ನಾನು?’

ಪಂಕ್ತಿಯೇ ನಕ್ಕಿತು. ರೊಟ್ಟಿ ಮುರಿಯಲು ಬಾರದ ನನ್ನ ಸಾಲ ತೀರಿತು. ಊಟದ ಮೇಲೆ ಹುಡುಗಿಯನ್ನು ಹಾಡು ಎಂದರೆ ಅಮ್ಮನ ಬೆನ್ನ ಹಿಂದೆ ಅವಿತುಕೊಂಡಿತು. ಹಾಡು ಮರೆತುಹೋಗಿದೆಯಂತೆ. ಒತ್ತಾಯ ಮಾಡಲು ನನಗೆ ಬಾಯಿ ಬರಲಿಲ್ಲ. ಅದನ್ನು ಕೇಳಬೇಕಾಗಿದ್ದ ದಿನ ಕಳೆದುಹೋಗಿತ್ತು.

ಎಲ್ಲರಿಗೂ ವನಭೋಜನ ಹಿಡಿಸಲಿಲ್ಲ. ಇರುವೆ, ಬಿಸಿಲು, ಶೌಚಾಲಯದ ತೊಂದರೆ. ದೂರಿನಲ್ಲಿ ಸುಳ್ಳೇನಿಲ್ಲ. ಈ ಸಲ ಮತ್ತೆ ಪಾರ್ಟಿ ಹಾಲ್ ಬುಕ್ ಆಗಿದೆ. ರೊಟ್ಟಿಯನ್ನು ಬೇರೆ ಕಡೆ ಹೇಳಿದ್ದೇವೆ. ಗೇಟಿನಲ್ಲಿ ಕೊಡುವ ಅತಿಥಿಗಳ ಪಟ್ಟಿ ಬರೆಯುವ ಕೆಲಸವನ್ನು ನಾನು ಕೇಳಿ ತೆಗೆದುಕೊಂಡಿದ್ದೇನೆ.